ಮೂರನೆಯ ಸಲದ ‘ಬೇಡ’

ಆ ಭಾನುವಾರ ನೆಲ್ಸ್ ಹೌಗೆನ್‌ನ ಬಾಯಿಂದ ‘ಬೇಡ’ ಎಂಬ ಮಾತು ಬಿದ್ದದ್ದು ಕೋಪದಿಂದಲ್ಲ, ಸೊಕ್ಕಿನಿಂದಲೂ ಅಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗ ಎಂಬ ಒಂದೇ ಕಾರಣಕ್ಕೆ.

ಮಿನ್ನೆಸೋಟಾದ ನೂರ್ದಾಲ್‌ನಲ್ಲಿ ಯಾರಿಗಾದರೂ ಕಾಫಿ ಬೇಕೇ ಎಂದು ಕೇಳಿ ನೋಡಿ. ಮೊದಲ ಸಲ ‘ಬೇಡ’ ಅನ್ನುತ್ತಾರೆ. ಎರಡನೆಯ ಸಲ ‘ಅಯ್ಯೋ, ನಿಮಗ್ಯಾಕೆ ತೊಂದರೆ’ ಅನ್ನುತ್ತಾರೆ. ಮೂರನೆಯ ಸಲ ‘ಹಾಗಾದರೆ ಅರ್ಧ ಕಪ್ಪು’ ಎಂದು ಕೂತವರು ಕೆಟಲ್ ಖಾಲಿಯಾಗುವವರೆಗೆ ಏಳುವುದಿಲ್ಲ. ದೇವರು ಕೊಡುವುದನ್ನೂ ಈ ಜನ ಎರಡು ಸಲ ಬೇಡವೆಂದೇ ತೆಗೆದುಕೊಳ್ಳುತ್ತಾರೇನೋ. ಅವನಿಗೆ ತಾಳ್ಮೆ ಇದೆ, ಮೂರು ಸಲ ಕೇಳುತ್ತಾನೆ.

ಪ್ರಾರ್ಥನೆ ಮುಗಿದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಸೇರಿದ್ದರು. ಗುಡ್ಡದ ಮೇಲಿನ ಸೇಂಟ್ ಹಾಲ್ವರ್ಡ್ ಕಾಲೇಜಿಗೆ ಹುಡುಗರನ್ನು ಆರಿಸುವ ಕೆಲಸಕ್ಕೆ ಹೊಸದಾಗಿ ಬಂದಿದ್ದ ಮಿಸ್ ಪೆಲೆಗ್ರಿನೊ ತಟ್ಟೆ ಹಿಡಿದು ನೆಲ್ಸ್‌ನ ಎದುರಿಗೇ ಬಂದು ನಿಂತರು. ನ್ಯೂಜೆರ್ಸಿಯವರು, ಮಾತು ನೇರ.

“ಸೀಟು ಕೊಟ್ಟರೆ ಬರ್ತೀಯಾ? ಇಲ್ಲ, ಎಲ್ಲೂ ಸಿಗದಿದ್ದರೆ ಇರಲಿ ಅಂತ ಅರ್ಜಿ ಹಾಕಿದ್ದೀಯೋ?”

“ಅಯ್ಯೋ, ನನಗ್ಯಾಕೆ ಮೇಡಂ? ಬೇಡ. ಬೇಕಾದವರು ಯಾರಾದರೂ ಇದ್ದರೆ ಅವರಿಗೇ ಕೊಡಿ.”

“ಸರಿ ಹಾಗಾದರೆ,” ಎಂದು ಅವರು ಆಚೆ ಹೋಗಿಬಿಟ್ಟರು.

ಎರಡನೆಯ ಸಲ ಕೇಳಲೇ ಇಲ್ಲ! ಮೆಟ್ಟಿಲು ಇದೆಯೆಂದು ಕತ್ತಲಲ್ಲಿ ಕಾಲಿಟ್ಟವನಂತೆ ನೆಲ್ಸ್ ನಿಂತಲ್ಲೇ ತಡವರಿಸಿದ.

ಅವನಿಗೆ ಆ ಕಾಲೇಜು ಎಂದರೆ ಪ್ರಾಣ. ಆರು ವರ್ಷದವನಿದ್ದಾಗ ಅಲ್ಲಿನ ಪ್ರಾರ್ಥನಾಮಂದಿರದ ದೊಡ್ಡ ಆರ್ಗನ್ ವಾದ್ಯ ಕೇಳಿದ್ದ. ನಾದ ಕಿವಿಯಿಂದಲ್ಲ, ಅಂಗಾಲಿನಿಂದ ಹತ್ತಿ ಎದೆಗೆ ಬಂದಿತ್ತು. ಅಂದಿನಿಂದ ಊರ ಚರ್ಚಿನ ಪುಟ್ಟ ಆರ್ಗನ್ ಮೇಲೆ ಬೆರಳು ಸವೆಸುತ್ತಿದ್ದ. ಊರಿನ ಮಕ್ಕಳಿಗೆಂದು ಕಾಲೇಜು ಪ್ರತಿವರ್ಷ ಒಂದು ಸೀಟು ಎತ್ತಿಡುತ್ತಿತ್ತು. ಈ ಸಲ ಅರ್ಜಿ ಹಾಕಿದವರು ಇಬ್ಬರೇ: ನೆಲ್ಸ್, ಮತ್ತು ಪಕ್ಕದ ಮನೆಯ ಆರ್ಡಿಸ್ ಅಜ್ಜಿಯ ಮೊಮ್ಮಗ ಕರ್ಟ್. ಕರ್ಟ್‌ನ ಅರ್ಜಿ ತುಂಬಿದವಳು ಅಜ್ಜಿ. ಅವನ ಮನಸ್ಸೆಲ್ಲ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಮೀನು ಹಿಡಿಯುವುದರಲ್ಲಿತ್ತು.

“ಕನಸಿನ ಕಾಲೇಜು ಒಂದು, ಗ್ಯಾರಂಟಿ ಕಾಲೇಜು ಒಂದು, ನಡುವೆ ನಾಲ್ಕಾರು ಇರಬೇಕಪ್ಪ,” ಎಂದು ಶಾಲೆಯ ಮೇಷ್ಟರು ಬುದ್ಧಿ ಹೇಳಿದ್ದರು. “ಎರಡೂ ಅದೇ ಅಲ್ವಾ ಸರ್, ಮತ್ತೆ ಬೇರೆ ಯಾಕೆ?” ಎಂದು ನೆಲ್ಸ್ ಒಂದೇ ಅರ್ಜಿ ಹಾಕಿ ಹಾಯಾಗಿದ್ದ.

ಆರ್ಡಿಸ್ ಅಜ್ಜಿ ಅವನ ತೋಳು ಹಿಡಿದಳು. “ಏನೋ ಮಂಕೇ! ಅವಳು ನ್ಯೂಜೆರ್ಸಿಯವಳು ಕಣೋ. ಅಲ್ಲಿ ಬೇಡ ಅಂದ್ರೆ ಬೇಡವೇ! ನಾಳೆ ಬೆಳಿಗ್ಗೆ ಕಾಲೇಜಿಗೆ ಹೆಸರು ಕೊಡ್ತಾಳಂತೆ. ಇವತ್ತೇ ಹೋಗಿ ಬೇಕು ಅಂತ ಬಾಯಿ ಬಿಟ್ಟು ಹೇಳು.”

“ಹಾಗೆಲ್ಲ ಹೇಗಜ್ಜಿ ಹೇಳೋದು?”

“ಹೇಳಬೇಕಪ್ಪ. ತಗೋ, ಮೊದಲು ನನ್ನ ಜೆಲ್ಲಿ ತಿನ್ನು.”

ಅಜ್ಜಿಯ ಜೆಲ್ಲಿ ಊರಿಗೇ ಹೆಸರುವಾಸಿ. ಹಸಿರಾಗಿ ನಡುಗುವ ಅದರೊಳಗೆ ಕ್ಯಾರೆಟ್ ತುರಿ ಕೊಳದಲ್ಲಿ ಸತ್ತ ಮೀನಿನಂತೆ ತೇಲುತ್ತಿತ್ತು. ಅದನ್ನು ಮಾತ್ರ ಯಾರೂ ಬೇಡವೆನ್ನುತ್ತಿರಲಿಲ್ಲ. ಪಾಪ, ಮುದುಕಿ ನೊಂದುಕೊಂಡಾಳು. ನೆಲ್ಸ್ ಕೂಡಲೇ ತಟ್ಟೆ ಒಡ್ಡಿ, “ನಿಜವಾಗ್ಲೂ ಚೆನ್ನಾಗಿದೆ ಅಜ್ಜಿ,” ಎಂದು, ಆಮೇಲೆ ಟಿಶ್ಯೂ ಕಾಗದದ ಕೆಳಗೆ ಮೆಲ್ಲನೆ ಹೂತಿಟ್ಟ. ಅಷ್ಟರಲ್ಲಿ ಹಿಂದೆ ಬಂದು ನಿಂತ ಮಿಸ್ ಪೆಲೆಗ್ರಿನೊ ಎಲ್ಲ ಕೇಳಿ ನೋಡಿದ್ದು ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನವೆಲ್ಲ ಕನ್ನಡಿಯ ಮುಂದೆ ‘ನನಗೆ ಬೇಕು’ ಎಂದು ಅಭ್ಯಾಸ ಮಾಡಿದ. ಬಾಗಿಲಲ್ಲಿ ನಿಂತು ಕೇಳಿದ ಅಮ್ಮ ಹೌಹಾರಿದಳು. “ಯಾರ ಸಹವಾಸ ಮಾಡಿದ್ಯೋ? ನಿಮ್ಮಪ್ಪ ನನ್ನ ಮದುವೆಯಾಗೋವಾಗಲೂ ಇಷ್ಟು ಬಿಚ್ಚಿ ಮಾತಾಡಿರಲಿಲ್ಲ!”

ಸಂಜೆ ಮೊಣಕಾಲುದ್ದದ ಹಿಮದಲ್ಲಿ ಗುಡ್ಡ ಹತ್ತಹೊರಟ. ಪಾದ್ರಿಗಳು ಕಾರು ನಿಲ್ಲಿಸಿ “ಹತ್ತಪ್ಪ” ಎಂದರು. “ಬೇಡ ಫಾದರ್.” “ಹತ್ತೋ ಮಾರಾಯ.” “ನಿಮಗ್ಯಾಕೆ ತೊಂದರೆ.” ಪಾದ್ರಿಗಳು ಮೂರನೆಯ ಸಲ ಕರೆಯುವಷ್ಟರಲ್ಲಿ ಕಾರು ಜಾರಿ ಚರಂಡಿಗಿಳಿಯಿತು. ಅದನ್ನು ನೂಕಿ ಮೇಲೆತ್ತಿ, ಒದ್ದೆ ಬೂಟಿನಲ್ಲಿ ಮಿಸ್ ಪೆಲೆಗ್ರಿನೊ ಅವರ ಮನೆ ತಲುಪಿದಾಗ ಅವನ ಹಲ್ಲುಗಳು ತಾಳ ಹಾಕುತ್ತಿದ್ದವು.

ಬಾಗಿಲು ತೆರೆದ ಕೂಡಲೇ, ಧೈರ್ಯ ಆರುವ ಮುನ್ನ, ಹೇಳಿಬಿಟ್ಟ. “ಮೇಡಂ, ನನಗೆ ಆ ಸೀಟು ಬೇಕು. ತುಂಬಾ ಬೇಕು.”

ಅವರ ಮುಖ ಮೃದುವಾಯಿತು. ಹೆಗಲ ಮೇಲೆ ಕೈಯಿಟ್ಟರು.

“ಪಾಪ, ಇದನ್ನು ಹೇಳೋಕೆ ಇಷ್ಟು ದೂರ ಬಂದ್ಯಾ? ಅರ್ಥವಾಯ್ತು ಮಗು. ಆರ್ಡಿಸ್ ಅವರು ಆಗಲೇ ಬಂದು ನಿಮ್ಮ ಊರಿನ ರೀತಿ ಎಲ್ಲ ಹೇಳಿದರು. ಬೇಕಾದ್ದನ್ನ ಮೂರು ಸಲ ಬೇಡ ಅಂತೀರಂತೆ. ಬೆಳಿಗ್ಗೆ ನೀನು ಒಂದು ಸಲ ಅಂದಿದ್ದೆ. ಇನ್ನೆರಡು ಸಲ ಅಂತೀಯೇನೋ ಅಂತ ಸಂಜೆವರೆಗೂ ಕಾದೆ. ನೀನು ನೋಡಿದರೆ ಬಂದವನೇ ಬೇಕು ಅಂತಿದ್ದೀಯ. ಅಂದರೆ ಬೇಡ ಅಂತಲೇ ಅಲ್ವಾ?”

“ಇಲ್ಲ ಮೇಡಂ! ನಿಜವಾಗ್ಲೂ ಬೇಕು!”

“ಆ ಜೆಲ್ಲಿಗೂ ‘ನಿಜವಾಗ್ಲೂ’ ಅಂದಿದ್ದೆ. ಟಿಶ್ಯೂ ಕೆಳಗೆ ನೋಡಿದೆ ನಾನು.” ಅವರು ನಕ್ಕರು. “ನನ್ನ ಮನಸ್ಸು ನೋಯಬಾರದು ಅಂತ ನೀನು ಕಷ್ಟಪಡಬೇಡ. ಅಜ್ಜಿ ಜೊತೆ ಆ ಕರ್ಟ್ ಬಂದಿದ್ದ ನೋಡು, ಬೇಡ ಅಂದ. ಮತ್ತೆ ಕೇಳಿದೆ, ಬೇಡವೇ ಬೇಡ ಅಂದ. ಮೂರನೇ ಸಲ ಕೇಳಿದರೆ ಕಣ್ಣಲ್ಲಿ ನೀರು! ಅಂಥ ಆಸೆ ಇರೋ ಹುಡುಗನನ್ನ ನಾನು ಕಂಡಿಲ್ಲ. ಇನ್ನು ನಾಳೆವರೆಗೆ ಯಾಕೆ ಅಂತ ಅವನ ಹೆಸರು ಕಳಿಸಿಯೂ ಆಯ್ತು.”

ಯಾವ ಮಾತು ಹೇಳಿದರೆ ಯಾವ ಅರ್ಥವಾದೀತೋ ತಿಳಿಯದೆ ನೆಲ್ಸ್ ಹಿಂದಿರುಗಿ ಹೊರಟ. ಇಳಿದು ಬರುವಾಗ ಮಂದಿರದ ಆರ್ಗನ್ ಯಾರೋ ನುಡಿಸುತ್ತಿದ್ದರು. ಬೂಟಿನೊಳಗೆ ಹಿಮ ತುಂಬಿ ಅಂಗಾಲು ಮರಗಟ್ಟಿತ್ತು. ನಾದ ಕಿವಿಗಷ್ಟೇ ಬಂತು.

ಮನೆಯಲ್ಲಿ ಆರ್ಡಿಸ್ ಅಜ್ಜಿ ಬೋಗುಣಿ ಹಿಡಿದು ಕಾದಿದ್ದಳು. ಹಸಿರು ಜೆಲ್ಲಿ ದೀಪದ ಬೆಳಕಿಗೆ ನಡುಗುತ್ತಿತ್ತು.

“ಒಳ್ಳೇದಾಗ್ಲಿ ಅಂತಲೇ ಹೋಗಿದ್ದೆ ಕಣಪ್ಪ. ಹೀಗಾಯ್ತು. ತಗೋ, ಒಂದು ಚೂರು ತಿನ್ನು.”

ಇನ್ನು ಈ ಜನ್ಮದಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಆಡುವುದೆಂದು ನೆಲ್ಸ್ ದಾರಿಯಲ್ಲೇ ನಿಶ್ಚಯಿಸಿದ್ದ. ನೆಟ್ಟಗೆ ನಿಂತ. “ಬೇಡ ಅಜ್ಜಿ.”

“ಒಂದೇ ಚೂರು?”

“ನಿಜವಾಗ್ಲೂ ಬೇಡ.”

“ನನಗೋಸ್ಕರ?”

“ಯಾವತ್ತೂ ಬೇಡ!”

ಅಜ್ಜಿಯ ಕಣ್ಣು ತುಂಬಿತು. “ಮೂರು ಸಲ!” ಎಂದು ಅವನ ಅಮ್ಮನ ಕಡೆ ತಿರುಗಿದಳು. “ಇಷ್ಟು ವರ್ಷದಲ್ಲಿ ನನ್ನ ಜೆಲ್ಲಿಗೆ ಯಾರೂ ಮೂರು ಸಲ ಬೇಡ ಅಂದಿರಲಿಲ್ಲ ಕಣಮ್ಮ! ಇಷ್ಟೊಂದು ಇಷ್ಟ ಅಂತ ಗೊತ್ತೇ ಇರಲಿಲ್ಲವಲ್ಲ!”

ಇಡೀ ಬೋಗುಣಿಯನ್ನು ಅವನ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಚಮಚ ಕೈಗೆ ಕೊಟ್ಟಳು.