ಎರಡೂವರೆ ಇಂಚಿನ ಇಂಟರ್‌ನೆಟ್

ಇಂಟರ್‌ನೆಟ್ಟನ್ನು ಇಂಚಿನಲ್ಲಿ ಅಳೆಯುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ನಮ್ಮ ಚಿಕ್ಕಮಾವ! ನಂಬಿಕೆ ಬಾರದಿದ್ದರೆ ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆಗೆ ಹೋಗುವ ಬಸ್ಸು ಹತ್ತಿ, ನಮ್ಮಮ್ಮನ ತವರೂರಿನಲ್ಲಿ ಇಳಿದು ಯಾರನ್ನಾದರೂ ಕೇಳಿ. ‘ಇಂಚಿನ ಗೌಡ್ರ ಮನೆಯಾ? ಅಗೋ ಅಲ್ಲಿ’ ಎಂದು ತೋರಿಸುತ್ತಾರೆ.

ನಮ್ಮ ಕಡೆ ಕೊಳವೆಬಾವಿಯ ನೀರನ್ನು ಇಂಚಿನಲ್ಲಿ ಹೇಳುವುದು ರೂಢಿ. ಒಂದಿಂಚು ಬಿದ್ದರೆ ಸಮಾಧಾನ, ಎರಡಿಂಚು ಬಿದ್ದರೆ ಸಂತೋಷ, ಮೂರು ಬಿದ್ದರೆ ನೋಡಿಕೊಂಡು ಹೋಗಲು ನೆಂಟರೆಲ್ಲ ಬರುತ್ತಾರೆ. ಎರಡು ವರ್ಷದ ಹಿಂದೆ ಮಾವನ ಮನೆಗೆ ಇಂಟರ್‌ನೆಟ್ ಎಳೆಯಲು ಬಂದ ಕೇಬಲ್ಲಿನವನು, "ಐವತ್ತು ಎಂಬಿಪಿಎಸ್ ಬರುತ್ತೆ ಸಾರ್" ಎಂದ.

"ಅದೆಲ್ಲ ನಂಗೆ ಬ್ಯಾಡ ಕಣಪ್ಪ. ಎಷ್ಟಿಂಚು ಬೀಳ್ತದೆ, ಅದ್ನೇಳು" ಎಂದರು ಮಾವ.

ಅವನೂ ತೋಟದವರ ಮನೆಯಲ್ಲೇ ಹುಟ್ಟಿದವನು. ತಲೆ ಕೆರೆದುಕೊಂಡು, ತೆಂಗಿನ ಮರಗಳ ಕಡೆಗೊಮ್ಮೆ ನೋಡಿ, "ಎರಡೂವರೆ ಇಂಚಿಗೆ ಮೋಸ ಇಲ್ಲ ಸಾರ್" ಎಂದುಬಿಟ್ಟ.

"ಬಾವೀಲೇ ಒಂದೂಮುಕ್ಕಾಲು ಇರೋದು. ಹಾಕು, ಹಾಕು!"

ಮುಂದಿನ ಪ್ರಶ್ನೆ, ರೂಟರನ್ನು ಎಲ್ಲಿ ಇಡುವುದು? ಮಾವ ಅದನ್ನು ಅಟ್ಟಕ್ಕೆ ಹತ್ತಿಸಿದರು. ಅಟ್ಟದ ತುಂಬ ಕೊಬ್ಬರಿಗೆಂದು ಪೇರಿಸಿದ ತೆಂಗಿನಕಾಯಿ, ಅದರ ನಡುವೆ ಹಸಿರು ದೀಪ ಮಿಟುಕಿಸುವ ಪೆಟ್ಟಿಗೆ! ಟ್ಯಾಂಕ್ ಎತ್ತರದಲ್ಲಿದ್ದರೆ ತಾನೇ ನಲ್ಲಿಯಲ್ಲಿ ನೀರು ಜೋರಾಗಿ ಬರುವುದು, ಎಂಬುದು ಅವರ ವಾದ. ಅತ್ತೆ ಏಣಿಯ ಕೆಳಗೆ ನಿಂತು, "ಇರ್ಲಿ ಬುಡಿ, ಕಾಯಿ ಜೊತೆ ಅದೂ ಒಣಗ್ಲಿ. ಮುಂದಿನ ವರ್ಷ ಎಲ್ಡನ್ನೂ ಒಟ್ಗೇ ಸುಲ್ಸಿದ್ರಾಯ್ತು" ಎಂದರು. ಮಾವ ಅಟ್ಟದ ಮೇಲೆ ದೂಳಿಗೆ ಸೀನುತ್ತಿದ್ದರು.

ಮಾವ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರು. ಆದರೆ ಈ ವಿಷಯದಲ್ಲಿ ಅವರಿಗಿರುವ ಶ್ರದ್ಧೆ ತಿಪಟೂರಿನ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ನನಗೇ ಇಲ್ಲ. ಕೇಳಿದ ಪದವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ಅರ್ಥವನ್ನೂ ಬರೆಯುತ್ತಾರೆ. ಒಮ್ಮೆ ನಾನು ಪರೀಕ್ಷೆ ಮಾಡಲೆಂದು, ರೂಟರಿನಲ್ಲಿ ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್, ಐದು ಗಿಗಾಹರ್ಟ್ಸ್ ಎಂದು ಎರಡು ಇವೆಯಲ್ಲ, ಏನು ವ್ಯತ್ಯಾಸ ಎಂದು ಕೇಳಿದೆ.

"ಎಲ್ಡು ಪಾಯಿಂಟ್ ನಾಕು ಅಂದ್ರೆ ನಮ್ಮ ನಾಟಿ ತೆಂಗು ಕಣವ್ವ. ನಿಧಾನ, ಆದ್ರೆ ಬೇರು ಬಲು ದೂರ ಹೋಯ್ತದೆ. ಐದು ಅಂದ್ರೆ ಗಿಡ್ಡ ತಳಿ. ಬಿರ್ ಬಿರ್ನೆ ಫಸಲು ಕೊಡ್ತದೆ, ಎಲ್ಡು ಗೋಡೆ ಅಡ್ಡ ಬಂದ್ರೆ ಬಾಡೋಯ್ತದೆ."

ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ. ಸೋಮವಾರ ತರಗತಿಯಲ್ಲಿ ಇದನ್ನೇ ಹೇಳಿಬಿಟ್ಟೆ. ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಯಿತು!

ಇಷ್ಟೆಲ್ಲ ಮಾತಿನ ಮಾವ ಒಬ್ಬರ ಹತ್ತಿರ ಮಾತ್ರ ಮಾತಾಡುತ್ತಿರಲಿಲ್ಲ. ಅದು ಅವರ ಸ್ವಂತ ಅಣ್ಣ, ನಮ್ಮ ದೊಡ್ಡಮಾವ. ಇಬ್ಬರದೂ ಒಂದೇ ಬೀದಿ, ಮನೆಯಿಂದ ಮನೆಗೆ ಇಪ್ಪತ್ತು ಹೆಜ್ಜೆ. ತೋಟಗಳೂ ಅಕ್ಕಪಕ್ಕ, ಬದುವಿನ ಮೇಲಿರುವ ಕೊಳವೆಬಾವಿ ಇಬ್ಬರಿಗೂ ಸೇರಿದ್ದು. ಆರು ವರ್ಷದ ಹಿಂದೆ ಅದರ ಮೋಟಾರು ಸುಟ್ಟಿತು. ಕರೆಂಟ್ ಬಂದಾಗಲೆಲ್ಲ ತಾನೇ ಓಡುವಂತೆ ಸ್ಟಾರ್ಟರನ್ನು ಆಟೋಗೆ ಹಾಕಿ ಮರೆತದ್ದು ನೀನು ಎಂದು ಅಣ್ಣ, ನೀನು ಎಂದು ತಮ್ಮ. ಮೋಟಾರು ರಿಪೇರಿಯಾಗಿ ಬಂತು, ಮಾತು ಬರಲಿಲ್ಲ. ನಮ್ಮಮ್ಮ ತವರಿಗೆ ಹೋದರೆ ಎರಡು ಮನೆಯಲ್ಲೂ ಕಾಫಿ ಕುಡಿಯಬೇಕು, ಎರಡು ಕಡೆಯೂ ಇನ್ನೊಂದು ಕಡೆಯ ಸುದ್ದಿ ಎತ್ತದೆ ಎಚ್ಚರವಾಗಿರಬೇಕು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಮ್ಮ ಪ್ರತಿ ಸಲವೂ ಹೇಳುವುದು ಒಂದೇ, "ನಾನು ಕಣ್ಮುಚ್ಚೋದ್ರೊಳ್ಗೆ ಇವ್ರಿಬ್ರು ಒಂದ್ಮಾತು ಆಡಿದ್ರೆ ಸಾಕಾಗಿತ್ತು."

ಆದರೆ ಮಾತು ಬಿಟ್ಟರೂ ಇಬ್ಬರೂ ಸರದಿ ಬಿಟ್ಟವರಲ್ಲ. ನೀರು ಒಂದು ದಿನ ಇವರಿಗೆ, ಒಂದು ದಿನ ಅವರಿಗೆ. ತಮ್ಮ ಸರದಿ ಮುಗಿಸಿದವರು ಒಂದು ಹಸಿ ತೆಂಗಿನ ಗರಿಯನ್ನು ಸ್ಟಾರ್ಟರ್ ಡಬ್ಬಿಯ ಹಿಡಿಗೆ ಗಂಟು ಹಾಕಿ ಹೋಗುತ್ತಾರೆ, ನನ್ನದಾಯಿತು, ಇನ್ನು ನಿನ್ನದು ಎಂದು. ಇನ್ನೊಬ್ಬರು ಬಂದು ಬಿಚ್ಚುತ್ತಾರೆ. ಆರು ವರ್ಷದಲ್ಲಿ ಒಂದು ದಿನವೂ ಆ ಗರಿ ತಪ್ಪಿಲ್ಲ.

ಒಮ್ಮೆ ಮಾವನನ್ನು ಪ್ರೋಟೋಕಾಲ್ ಎಂದರೇನು ಎಂದು ಕೇಳಿದೆ. ನೋಟ್‌ಬುಕ್ ತೆಗೆದು ಓದಿದರು. "ಎಲ್ಡು ಮಿಷಿನ್ ಮಾತಾಡ್ಬೇಕಲ್ಲ? ಯಾರು ಮೊದ್ಲು ಹಲೋ ಅನ್ನೋದು, ಯಾರು ಹೂಂ ಅನ್ನೋದು, ಕೇಳಿಸ್ದೇ ಇದ್ರೆ ಎಷ್ಟು ಸಲ ಮತ್ತೆ ಕೇಳೋದು, ಎಲ್ಲ ಮೊದ್ಲೇ ಒಪ್ಕೊಂಡಿರೋದು. ಅದೇ ಪ್ರೋಟೋಕಾಲು. ಬೇರೆ ಬೇರೆ ಕಂಪ್ನಿ ಮಿಷಿನ್ನಾದ್ರೂ ಮಾತಾಡ್ತವೆ!"

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ, "ಒಂದೇ ಕಂಪ್ನಿವಾದ್ರೆ ಮಾತಾಡಲ್ವೇನೋ" ಎಂದರು. ಮಾವ ನೋಟ್‌ಬುಕ್ ಮುಚ್ಚಿ ಎದ್ದು ತೋಟಕ್ಕೆ ಹೋದರು.

ಆಮೇಲೆ ಕೊಟ್ಟಿಗೆಗೆ ಸ್ಮಾರ್ಟ್ ಬಲ್ಬ್ ಬಂತು. ಫೋನಿನಿಂದಲೇ ಹಚ್ಚಬಹುದು, ಫೋನಿನಿಂದಲೇ ಆರಿಸಬಹುದು. ಮೊದಲ ಸಂಜೆಯೇ ‘ಆಫ್‌ಲೈನ್’ ಎಂದು ತೋರಿಸಿತು. ಮಾವ ರೂಟರ್ ಆರಿಸಿ ಹಚ್ಚಿದರು, ಫೋನ್ ಆರಿಸಿ ಹಚ್ಚಿದರು, ಬಲ್ಬ್ ಬಿಚ್ಚಿ ಊದಿ ಮತ್ತೆ ಹಾಕಿದರು. ಎಮ್ಮೆ ಮೇವು ಬಿಟ್ಟು ಇವರನ್ನೇ ನೋಡುತ್ತಿತ್ತು. ಅರ್ಧ ಗಂಟೆಯ ಮೇಲೆ ಹಾಲು ಕರೆಯಲು ಬಂದ ಅತ್ತೆ ಗೋಡೆಯ ಸ್ವಿಚ್ಚು ಒತ್ತಿದರು, ಬಲ್ಬು ಹತ್ತಿತು. "ಬೆಳಿಗ್ಗೆ ನಾನೇ ಆರ್ಸಿದ್ದೆ ಕಣ್ರೀ. ಸುಮ್ನೆ ಕರೆಂಟ್ ಯಾಕೆ ಉರೀಬೇಕು?"

ಇಂಥ ಮಾವ ಪಂಪಿಗೂ ಸ್ಮಾರ್ಟ್ ಸ್ಟಾರ್ಟರ್ ಹಾಕಿಸದೆ ಬಿಟ್ಟಾರೆಯೇ? ಪಂಪಿನ ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬಂದರೂ ಫೋನಿಗೆ ಸುದ್ದಿ, ಮನೆಯಲ್ಲಿ ಕೂತೇ ಮೋಟಾರು ಚಾಲೂ, ನೀರು ಬತ್ತಿದರೆ ತಾನೇ ಬಂದ್. ಇನ್ನು ಯಾರೂ ಮೋಟಾರು ಸುಡುವ ಹಾಗಿಲ್ಲ! ಜೋಡಿಸಲು ಬಂದ ಮೆಕ್ಯಾನಿಕ್ ಮೀಟರ್ ಯಾರ ಹೆಸರಿನಲ್ಲಿದೆ ಎಂದು ಕೇಳಿದ. ದೊಡ್ಡಮಾವನ ಹೆಸರಿನಲ್ಲಿತ್ತು. "ಹಂಗಾದ್ರೆ ಅವ್ರು ಅಡ್ಮಿನ್, ನೀವು ಯೂಸರ್" ಎಂದವನೇ, ಬದುವಿನ ಆ ಕಡೆ ನಿಂತಿದ್ದ ಅಣ್ಣನ ಫೋನು, ಈ ಕಡೆ ನಿಂತಿದ್ದ ತಮ್ಮನ ಫೋನು ಎರಡನ್ನೂ ಇಸಿದುಕೊಂಡು ಓಡಾಡಿ ಜೋಡಿಸಿ ಹೋದ. ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಸಾಲು ಸೇರಿತು: ‘ಅಡ್ಮಿನ್ ಎಂದರೆ ಮೊದಲು ಹುಟ್ಟಿದವನು.’

ಮೋಟಾರು ಚಾಲೂ ಆದದ್ದೂ ನಿಂತದ್ದೂ ಈಗ ಇಬ್ಬರ ಫೋನಿಗೂ ಸಂದೇಶವಾಗಿ ಬರುತ್ತಿತ್ತು. ಆದರೂ ಇಬ್ಬರೂ ತೋಟಕ್ಕೆ ನಡೆದು ಹೋಗಿ ಗರಿ ಕಟ್ಟುವುದನ್ನು ಬಿಡಲಿಲ್ಲ. ಯಾಕೆ ಮಾವ ಎಂದರೆ, "ಸರ್ವರ್ ಡೌನ್ ಆದ್ರೆ?" ಎಂದರು.

ಹೀಗಿರುವಾಗ ಹೋದ ತಿಂಗಳು ಮಾವನ ಫೋನು ಅಂಗಿಯ ಜೇಬಿನಿಂದ ಜಾರಿ ಎಮ್ಮೆಯ ಕಲಗಚ್ಚಿನ ಬಾನಿಗೆ ಬಿತ್ತು. ಹೊಸ ಫೋನು ಬಂತು. ಆದರೆ ಅದರಲ್ಲಿ ಸ್ಟಾರ್ಟರಿನ ಆ್ಯಪ್ ತೆರೆದರೆ, ‘ಅಡ್ಮಿನ್ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ, ನಮೂದಿಸಿ’ ಎಂದು ಕೇಳಿತು. ಅಂದರೆ ಅಣ್ಣನ ಫೋನಿಗೆ! ಮಾವ ಫೋನನ್ನು ಮಗುಚಿ ಇಟ್ಟರು. ನಾಲ್ಕು ದಿನ ಪಂಪ್‌ಹೌಸಿನ ಮುಂದೆ ಹೋಗಿ ಕೂತು ಕರೆಂಟು ಕಾದರು. ಅದು ಬರುತ್ತಿದ್ದುದು ಅವರು ಮನೆಗೆ ಬಂದು ಮಲಗಿದ ಮೇಲೆ. ಎರಡು ಸರದಿ ಕೈತಪ್ಪಿತು, ಹೊಸದಾಗಿ ನೆಟ್ಟ ಸಸಿಗಳು ಬಾಡತೊಡಗಿದವು. ಆರು ಅಂಕಿಗಳನ್ನು ಮಾತ್ರ ಕೇಳಲಿಲ್ಲ.

ಐದನೆಯ ದಿನ ಭಾನುವಾರ, ನಾನು ಹೋದೆ. ಅತ್ತೆ ಎಲ್ಲ ಹೇಳಿದರು. ಅದಕ್ಕೇನಂತೆ, ನಾನೇ ಕೇಳಿಕೊಂಡು ಬರುತ್ತೇನೆ ಎಂದು ಓಟಿಪಿ ಕಳಿಸಿ, ಇಪ್ಪತ್ತು ಹೆಜ್ಜೆ ನಡೆದೆ. ದೊಡ್ಡಮಾವ ಕನ್ನಡಕ ಹಾಕಿಕೊಂಡು ಸಂದೇಶವನ್ನು ಪೂರ್ತಿ ಓದಿದರು.

"‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಅಂತ ಐತಲ್ಲವ್ವ. ಮೇಷ್ಟ್ರಮ್ಮ ನೀನು, ನಿಂಗೇ ಗೊತ್ತಿಲ್ವಾ?"

"ಚಿಕ್ಕಮಾವಂಗೆ ಬೇಕಾಗಿರೋದು ದೊಡ್ಡಮಾವ."

"ಬೇಕಾದೋರು ಕೇಳ್ಬೇಕು. ನಿನ್ ಕೈಲಿ ಕೊಟ್ಟು ಕಳ್ಸಕ್ಕೆ ಅದೇನು ಮಜ್ಜಿಗೆನಾ?"

ಹಾಗೆಂದವರು ನಾನು ಹೊರಡುವಾಗ ಬಾಗಿಲವರೆಗೂ ಬಂದು, "ಅವ್ನ ಸಸಿ ಬಾಡ್ತಾ ಅವೆ, ನೋಡ್ದೆ" ಎಂದರು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಇಬ್ಬರಿಗೂ ಅರವತ್ತು ದಾಟಿದೆ. ಇನ್ನೆಷ್ಟು ವರ್ಷ ಇಟ್ಟುಕೊಂಡು ಹೀಗೆ ಹಟ ಮಾಡುತ್ತಾರೆ?

ವಾಪಸ್ಸು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾವ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಅತ್ತೆ ತಮ್ಮ ಫೋನಿನಿಂದ ದೊಡ್ಡಮಾವನ ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ, ಮಾವನ ಮುಂದೆ ಹಿಡಿದರು. ನಾನು ಹೊಸ ಫೋನ್ ಹಿಡಿದು ಇನ್ನೊಂದು ಓಟಿಪಿ ಕಳಿಸಿದೆ.

"ಹಲೋ" ಎಂದಿತು ಆ ಕಡೆಯ ದನಿ.

ಮಾವ ನಡೆಯುವುದನ್ನು ನಿಲ್ಲಿಸಿದರು. ಎರಡು ಸಲ ಕೆಮ್ಮಿದರು.

"ಅಣ್ಣಾ..."

"ಹೂಂ."

"ಓಟಿಪಿ ಬಂತಾ?"

"ಬಂತು. ಯಾರ್ಗೂ ಹೇಳ್ಬೇಡಿ ಅಂತ ಐತೆ."

"ಯಾರ್ಗೂ ಅಂದ್ರೆ ಹೊರಗ್ನೋರ್ಗೆ ಕಣಣ್ಣ. ನಾನು ಹೊರಗ್ನೋನಾ?"

ಫೋನ್ ಕಟ್ಟಾಯಿತೇನೋ ಎಂದು ಅತ್ತೆ ಪರದೆ ನೋಡಿದರು. ಆಮೇಲೆ ದೊಡ್ಡಮಾವ, "ಬರ್ಕೋ" ಎಂದು ಒಂದೊಂದಾಗಿ ಹೇಳತೊಡಗಿದರು. "ನಾಕು... ಏಳು... ಎಲ್ಡು... ಎಲ್ಡು... ಒಂಬತ್ತು... ಒಂದು."

ನಾನು ಒತ್ತಿದೆ. ತಕ್ಷಣ ಹಸಿರು ಗುರುತು ಮೂಡಿತು, ಮೋಟಾರು, ವೋಲ್ಟೇಜು ಎಲ್ಲ ಪರದೆಯ ಮೇಲೆ ಬಂತು. ಮಾವ ನನ್ನ ಭುಜದ ಮೇಲಿಂದ ಬಗ್ಗಿ ಅದನ್ನು ಸರಿಯಾಗಿಯೇ ನೋಡಿದರು. ಹಸಿರು ಗುರುತಿನ ಅರ್ಥ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಅವರು! ನೋಡಿಯೂ, ಅತ್ತೆಯ ಫೋನಿಗೆ ಬಾಯಿ ಹತ್ತಿರ ತಂದು, "ಆಗ್ಲಿಲ್ಲ ಕಣಣ್ಣ, ಇನ್ನೊಂದ್ಸಲ ಹೇಳು" ಎಂದರು.

ದೊಡ್ಡಮಾವ ಮತ್ತೆ ಹೇಳಿದರು, ಇನ್ನೂ ನಿಧಾನವಾಗಿ. ಮಾವ ಕಣ್ಣು ಮುಚ್ಚಿಕೊಂಡು ಪ್ರತಿ ಅಂಕಿಗೂ ಹೂಂ, ಹೂಂ ಎನ್ನುತ್ತಿದ್ದರು. ಮುಗಿದ ಮೇಲೆ, "ಇಲ್ಲ ಕಣಣ್ಣ, ತಗೊಳ್ತಾ ಇಲ್ಲ" ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೂ ಅಳು ಬಂತು, ತಡೆದುಕೊಂಡೆ.

ಮೂರನೆಯ ಸಲ ಹೇಳುವ ಹೊತ್ತಿಗೆ ದೊಡ್ಡಮಾವನಿಗೂ ಗೊತ್ತಾಗಿತ್ತೆಂದು ಕಾಣುತ್ತದೆ. ಹೊಸ ಫೋನು ಸೇರಿತೆಂದು ಅವರ ಫೋನಿಗೂ ಸಂದೇಶ ಹೋಗಿರಬೇಕಲ್ಲ! ಆದರೂ ನಾಲ್ಕರಿಂದ ಶುರುಮಾಡಿ ಒಂದರವರೆಗೂ ಬಿಡದೆ ಹೇಳಿದರು. ಹೇಳಿ ಫೋನ್ ಇಡಲಿಲ್ಲ. ಸ್ವಲ್ಪ ತಡೆದು ಕೇಳಿದರು:

"ಊಟ ಆಯ್ತೇನ್ಲಾ?"