ಕಪ್ಪು ಗೋಡೆಯ ಮೇಲೆ ಮೂರು ಬೆರಳು

ಅಭಿರುಚಿ ಎನ್ನುವುದು ಮನುಷ್ಯನಿಗೆ ತಡವಾಗಿ ಬರಬಾರದು. ಚಿಕ್ಕ ವಯಸ್ಸಿನಲ್ಲಿ ಬಂದರೆ ಅಂಗಿ, ಚಪ್ಪಲಿ, ತಲೆಗೂದಲಿನ ಮೇಲೆ ತೀರಿಸಿಕೊಂಡು ತಣ್ಣಗಾಗುತ್ತದೆ. ಐವತ್ತು ದಾಟಿದ ಮೇಲೆ ಬಂದರೆ ಮನೆಯ ಗೋಡೆಯನ್ನು ಹಿಡಿಯುತ್ತದೆ. ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಇಷ್ಟು ವರ್ಷವೂ ಮಕ್ಕಳಿಂದ ಮಾವಿನಹಣ್ಣು, ಹೂಜಿ, ಎರಡು ಗುಡ್ಡಗಳ ನಡುವಿನ ಸೂರ್ಯನನ್ನು ಬರೆಸಿದ್ದೇನೆ. ನಮ್ಮ ಕಡೆ ಗುಡ್ಡ ಎಲ್ಲಿದೆ ಎಂದು ಒಬ್ಬ ಹುಡುಗಿ ಕೇಳಿದಾಗ ಸಿಟ್ಟು ಮಾಡಿದ್ದೂ ಉಂಟು. ಬಣ್ಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು ಎನ್ನುವ ಸಣ್ಣ ಅಹಂಕಾರ ನನ್ನದು. ಸಣ್ಣದು ಎನ್ನುವುದು ನನ್ನ ಲೆಕ್ಕ. ನನ್ನ ಹೆಂಡತಿ ಸುವರ್ಣಾಳ ಲೆಕ್ಕ ಬೇರೆ.

ನಮ್ಮ ಮನೆಯಲ್ಲಿ ಅತಿಥಿಗಳಿಗೆಂದೇ ಒಂದು ಕೋಣೆ ಇದೆ. ಇರಲೇಬೇಕು. ಹುಡಗಿ, ಬೇಮಳಖೇಡ ಎಂಬ ಸುತ್ತಲಿನ ಊರುಗಳಿಂದ ಬಂಧುಗಳು ದವಾಖಾನೆಗೆ ಬರುತ್ತಾರೆ, ಕಚೇರಿಗೆ ಬರುತ್ತಾರೆ, ಶರಣರ ಊರು ನೋಡಲು ಬರುತ್ತಾರೆ, ಬಸ್ಸು ತಪ್ಪಿತೆಂದೂ ಬರುತ್ತಾರೆ. ಇಪ್ಪತ್ತು ವರ್ಷ ಆ ಕೋಣೆಗೆ ಹಾಲಿನ ಕೆನೆಯ ಬಣ್ಣವಿತ್ತು. ಒಂದು ದಿನ ಮೊಬೈಲಿನಲ್ಲಿ ಒಂದು ಕೋಣೆಯ ಚಿತ್ರ ಕಂಡೆ. ಇದ್ದಿಲಿಗೆ ಒಂಚೂರು ಹಸಿರು ಬೆರೆಸಿದಂಥ ಕಪ್ಪು ಗೋಡೆ, ಹಿತ್ತಾಳೆ ಗುಂಡಿನ ಹಳೆಯ ಪಲಂಗ, ಮರದ ಚೌಕಟ್ಟಿನ ದೊಡ್ಡ ಕನ್ನಡಿ, ಮೂಲೆಯಲ್ಲೊಂದು ಕಂದೀಲು. ಅದಕ್ಕೆ ವಿಂಟೇಜ್ ಎನ್ನುತ್ತಾರಂತೆ. ಅವತ್ತಿನಿಂದ ಕೆನೆಯ ಬಣ್ಣ ನೋಡಿದರೆ ನನಗೆ ಮೈ ಉರಿಯತೊಡಗಿತು.

ಬಣ್ಣ ಬಳಿಯುವ ಇಸ್ಮಾಯಿಲ್ ಭಾಯಿ ಡಬ್ಬಿ ತೆರೆದು ನೋಡಿ, ಮತ್ತೆ ಮುಚ್ಚಿದರು. "ಸರ್, ಇದು ಗ್ರಿಲ್‌ಗೆ ಹಚ್ಚೋದಲ್ರಿ?"

"ಅಲ್ಲ ಭಾಯಿ, ಗ್ವಾಡಿಗೆ."

"ನಾಲ್ಕೂ ಗ್ವಾಡಿಗೇನ್ರಿ?" ಎಂದು ಅವರು ಸುವರ್ಣಾಳ ಮುಖ ನೋಡಿದರು. ಅವಳು, "ನನ್ನ ಯಾಕ ನೋಡಾಕತ್ತೀರಿ ಭಾಯಿ, ಮಾಸ್ತರು ಹೇಳ್ಯಾರ, ಹಚ್ರಿ" ಎಂದು ಒಳಗೆ ಹೋದಳು. ಅವಳು ವಾದ ಮಾಡದಿದ್ದಾಗ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ. ಹುಮನಾಬಾದಿನ ಹಳೆಯ ಸಾಮಾನಿನ ಅಂಗಡಿಯಿಂದ ಪಲಂಗ ತಂದೆ, ಕನ್ನಡಿ ತಂದೆ. ಮೊದಲು ದಿನಾ ಬೆಳಿಗ್ಗೆ ನಾನು ಮುಖ ನೋಡಿಕೊಳ್ಳುತ್ತಿದ್ದ ಸಣ್ಣ ಕನ್ನಡಿ ನೇತಾಡುತ್ತಿದ್ದ ಮೊಳೆಗೇ ಈ ದೊಡ್ಡದನ್ನು ತೂಗುಹಾಕಿದೆ. ಕೆಲಸ ಮುಗಿದ ಮರುದಿನವೇ ಗುರಮ್ಮಕ್ಕ ಬಂದಳು.

ಗುರಮ್ಮಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಹುಮನಾಬಾದಿಗೆ ಕೊಟ್ಟ ಹೆಣ್ಣು. ಅವ್ವ ಬೇಗ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಪ್ರತಿ ಶ್ರಾವಣಕ್ಕೂ ಎಂಟು ದಿನ ಬಂದಿರುತ್ತಾಳೆ. ಶಾಲೆಯಲ್ಲಿ ನಾನು ಸರ್, ಓಣಿಯಲ್ಲಿ ಮಾಸ್ತರು, ಮನೆಯಲ್ಲಿ ಬರೀ 'ರೀ'. ನನ್ನನ್ನು 'ತಮ್ಮಾ' ಎಂದು ಕರೆಯುವವರು ವರ್ಷಕ್ಕೆ ಆ ಎಂಟು ದಿನ ಮಾತ್ರ ಇರುತ್ತಾರೆ. ಆ ಎಂಟು ದಿನ ನನಗೆ ಬಹಳ ಬೇಕು. ಇದನ್ನು ಅವಳಿಗೆ ಯಾವತ್ತೂ ಹೇಳಿಲ್ಲ.

ಅಕ್ಕ ಕೋಣೆಯ ಬಾಗಿಲಲ್ಲೇ ನಿಂತಳು. "ತಮ್ಮಾ, ಖೋಲಿಗೆ ಬೆಂಕಿ ಬಿದ್ದಿತ್ತೇನೋ?"

ವಿಂಟೇಜ್ ಎಂದರೇನು ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿ, ಪಲಂಗದ ಗುಂಡು ತಿರುಗಿಸಿ ನೋಡಿ, "ಇಂಥಾದೇ ಅಪ್ಪಂದು ಇತ್ತಲ್ಲೋ. ಜಾಗಾ ಇಲ್ಲ ಅಂತ ಗುಜರಿಗೆ ಹಾಕಿದವ ನೀನೇ ಅಲ್ಲೇನು?" ಎಂದಳು. ಆ ಮಾತಿಗೆ ನಾನು ಚಹಾ ತರಲು ಎದ್ದು ಹೋದೆ.

ಮರುದಿನ ಮಧ್ಯಾಹ್ನ ಕೋಣೆಗೆ ಹೋದೆ. ಕನ್ನಡಿಯ ಪಕ್ಕದ ಕಪ್ಪು ಗೋಡೆಯ ಮೇಲೆ ಮೂರು ಬಿಳಿ ಗೆರೆ! ವಿಭೂತಿ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಗೋಡೆಗೆ ಒರಸುವುದು ನಮ್ಮ ಮಂದಿಯ ಹಳೆಯ ಚಟ. ಕೆನೆಯ ಬಣ್ಣದ ಗೋಡೆ ಎಷ್ಟು ಜನರ ವಿಭೂತಿ ನುಂಗಿಕೊಂಡಿತ್ತೋ ಏನೋ, ಒಂದು ದಿನವೂ ಹೇಳಿರಲಿಲ್ಲ. ಒದ್ದೆ ಬಟ್ಟೆಯಿಂದ ಒರಸಿದೆ. ಮೂರು ಗೆರೆ ಹೋಗಿ ಒಂದು ಮೋಡವಾಯಿತು. ಅದರ ಮರುದಿನ ಮೋಡದ ಮೇಲೆ ಮತ್ತೆ ಮೂರು ಗೆರೆ.

ಅಕ್ಕನಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಧೈರ್ಯವಿಲ್ಲದವರಿಗೆ ಕಲೆ ಇದೆ. ರಟ್ಟು ಕತ್ತರಿಸಿ, ನಾಲ್ಕು ಮೂಲೆಗೂ ಬಳ್ಳಿ ಬಿಡಿಸಿ, ಚಿತ್ರಕಲಾ ಪರೀಕ್ಷೆಗೆ ಕಲಿಸುವ ಅಲಂಕಾರದ ಅಕ್ಷರದಲ್ಲಿ ಬರೆದೆ: 'ಅತಿಥಿಗಳಲ್ಲಿ ವಿನಂತಿ: ಗೋಡೆಗೆ ಕೈ ಒರಸಬಾರದು.' ಕನ್ನಡಿಯ ಕೆಳಗೆ ತೂಗುಹಾಕಿ ದೂರ ನಿಂತು ನೋಡಿದೆ. ಕೋಣೆಗೆ ಅದೊಂದರದ್ದೇ ಕೊರತೆಯಿತ್ತು ಎನಿಸಿತು. ಮನೆಯಲ್ಲಿ ಆಗ ಇದ್ದ ಅತಿಥಿ ಒಬ್ಬಳೇ ಎನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಚೀಲ ಹಿಡಿದು ಪಡಸಾಲೆಗೆ ಬಂದಳು. "ಹೆಸರಕಾಯಿ ಬಿಡಸಾಕ ಆಳು ಬರೋರದಾರ, ಹೋಗ್ತೀನಿ." ಇನ್ನೂ ನಾಲ್ಕು ದಿನ ಬಾಕಿ ಇತ್ತು. ಸುವರ್ಣಾ ಕೈ ಹಿಡಿದು ತಡೆದಳು. ಅಕ್ಕ ನಗುತ್ತಲೇ, "ನಾ ಅತಿಥಿ ಅಂತ ನನಗ ಗೊತ್ತಿರಲಿಲ್ಲವ್ವಾ" ಎಂದಳು. ಬಸ್ಸಿಗೆ ಕೂರಿಸಿ ಬರುವಾಗ ನನಗೆ ತಪ್ಪು ಮಾಡಿದೆನೆನಿಸಿತು. ಆದರೂ ಗೋಡೆಯನ್ನು ನೆನೆದು ಅರ್ಧ ಸಮಾಧಾನ ಮಾಡಿಕೊಂಡೆ.

ಇಸ್ಮಾಯಿಲ್ ಭಾಯಿ ಬಂದು ಆ ಜಾಗಕ್ಕೆ ಮತ್ತೆ ಬಣ್ಣ ಹಚ್ಚಿದರು. ಕೋಣೆಯ ಬಾಗಿಲು ಮುಚ್ಚಿದೆವು. ಯಾರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ನಾನೊಬ್ಬ ಹೋಗಿ, ನನ್ನ ಕಲಾಕೃತಿಯ ನಡುವೆ ನಿಂತು, ಆ ದೊಡ್ಡ ಕನ್ನಡಿಯಲ್ಲಿ ವಿಭೂತಿ ನೆಟ್ಟಗಿದೆಯೇ ನೋಡಿಕೊಂಡು ಬರುತ್ತಿದ್ದೆ, ಅಷ್ಟೇ. ನಾಲ್ಕನೆಯ ದಿನ ಸುವರ್ಣಾ ಕರೆದಳು. ಕನ್ನಡಿಯ ಪಕ್ಕದಲ್ಲಿ ಮೂರು ಗೆರೆ.

"ಅಕ್ಕಾರು ಹುಮನಾಬಾದಿನಾಗ ಕುಂತು ಇಲ್ಲಿ ಹ್ಯಾಂಗ ಒರಸಿದ್ರು?" ಎಂದು ಕೇಳಿದಳು. "ಅವರು ಮಣೆ ಮ್ಯಾಲೆ ಕುಂತು ವಿಭೂತಿ ಹಚ್ಕೋತಾರ. ಕುಂತಲ್ಲಿಂದ ಅವರ ಕೈ ಅಲ್ಲಿಗೆ ಹತ್ತಂಗಿಲ್ಲ. ನಿಮ್ಮ ಕೈ ಇಡ್ರಿ ನೋಡೂಣು."

ಇಟ್ಟೆ. ಮೂರು ಬೆರಳೂ ಮೂರು ಗೆರೆಯ ಮೇಲೆ ಸರಿಯಾಗಿ ಕೂತವು.

"ಮದಿವಿ ಆಗಿ ಬಂದಾಗಿಂದ ನೋಡಾಕತ್ತೀನ್ರಿ ನಾ. ಬೆಳ್ಳನ ಗ್ವಾಡಿ ಇತ್ತು, ನಿಮಗ ಕಾಣಲಿಲ್ಲ."

"ಅಕ್ಕ ಇದ್ದಾಗ್ಲೇ ಹೇಳಬೇಕಿತ್ತಲ್ಲ!"

"ನೀವು ಬೋರ್ಡ್ ಹಾಕಿದ್ದು ನನಗ ಗೊತ್ತಾಗಿದ್ದು ಅವರು ಬಸ್ ಹತ್ತಿದ ಮ್ಯಾಲೆ."

ಅವತ್ತು ಊಟ ರುಚಿಸಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹುಮನಾಬಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡೆ. ಅಕ್ಕನ ಮುಂದೆ ಕೂತ ಮೇಲೆ ಹೆಸರಿನ ಇಳುವರಿ ಹೇಗಿದೆ ಎಂದು ಕೇಳಿದೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದಾಗಲೂ ಆ ಮಾತು ಆಡಿರಲಿಲ್ಲ. ವಿಭೂತಿ ಹಚ್ಚಿಕೊಂಡೆ. ನನ್ನ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ಗೋಡೆಯ ಕಡೆ ಹೊರಟಿತ್ತು. ಅರ್ಧ ದಾರಿಯಲ್ಲಿ ಎಚ್ಚರಾಗಿ ನಿಲ್ಲಿಸಿದೆ. ತಿರುಗಿ ನೋಡಿದರೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

"ಒರಸು ತಮ್ಮಾ, ಒರಸು. ನಮ್ಮ ಗ್ವಾಡಿ ಬೆಳ್ಳಗ ಅದ."

ಒರಸಿದೆ. ಕಣ್ಣನ್ನೂ ಒರಸಿಕೊಳ್ಳಬೇಕಾಯಿತು. ಅಕ್ಕ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮಧ್ಯಾಹ್ನದ ಬಸ್ಸಿಗೆ ಅವಳೂ ಚೀಲ ಹಿಡಿದು ಹೊರಟಳು. ಉಳಿದ ನಾಲ್ಕು ದಿನ ಇರುತ್ತೇನೆ, ಜಾಸ್ತಿ ಇಲ್ಲ ಎಂದು ಮೊದಲೇ ಹೇಳಿದಳು.

ಮನೆಗೆ ಬಂದ ಕೂಡಲೇ ಆ ಬೋರ್ಡು ಕಿತ್ತು ಎಸೆಯಬೇಕೆಂದು ಅವಳಿಗಿಂತ ಮುಂದೆ ಕೋಣೆಗೆ ಓಡಿದೆ. ಎಸೆಯುವ ಅಗತ್ಯ ಇರಲಿಲ್ಲ. ಸುವರ್ಣಾ ಅದನ್ನು ಕನ್ನಡಿಯ ಪಕ್ಕಕ್ಕೆ, ಸರಿಯಾಗಿ ನನ್ನ ಭುಜದ ಎತ್ತರಕ್ಕೆ ಸರಿಸಿದ್ದಳು. ನನ್ನ ಬಳ್ಳಿ, ನನ್ನ ಅಲಂಕಾರದ ಅಕ್ಷರ ಎಲ್ಲ ಹಾಗೇ ಇದ್ದವು. 'ಅತಿಥಿಗಳಲ್ಲಿ' ಎಂಬುದನ್ನು ಮಾತ್ರ ಹೊಡೆದುಹಾಕಿ, ಕಿರಾಣಿ ಚೀಟಿ ಬರೆಯುವ ತನ್ನ ದಪ್ಪ ಅಕ್ಷರದಲ್ಲಿ ಮೇಲೆ ಬರೆದಿದ್ದಳು: 'ಯಜಮಾನರಲ್ಲಿ.'