ನೈಫ್ ಗಲ್ಲಿಯಲ್ಲಿ ತೊಟ್ಟಿಲು

ಯುರೋಪಿನ ಹಳೆಯ ಊರುಗಳ ಇಕ್ಕಟ್ಟು ಬೀದಿಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲ ಕನ್ನಡಿಗ ಇಡೀ ದುಬೈಯಲ್ಲಿ ನಾನೊಬ್ಬನೇ ಎಂದು ಆಗ ನಂಬಿದ್ದೆ. ಹತ್ತು ದಿನದ ಪ್ಯಾಕೇಜ್ ಟೂರ್ ಮುಗಿಸಿ ಬಂದಿದ್ದೆನಲ್ಲ! ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವ ಬೀದಿಗಳು. ಒಗ್ಗರಣೆಗೆ ಸಾಸಿವೆ ಸಾಲದಿದ್ದರೆ ಎದುರುಮನೆಯ ಕಿಟಕಿಯಿಂದಲೇ ಇಸಿದುಕೊಳ್ಳಬಹುದು. ಒಂದು ಕಡೆಯಂತೂ ನಡೆದು ಹೋಗುವವರಿಗೇ ಕೆಂಪು ದೀಪ, ಹಸಿರು ದೀಪ! ಎಷ್ಟು ಹೊಗಳಿದರೂ ನನಗೆ ತೃಪ್ತಿಯಿಲ್ಲ.

ಹೀಗಿರುವಾಗ ನನ್ನ ಹೆಂಡತಿ ಸುಮತಿಯ ಗೆಳತಿ ವಾರಿಜಳ ಮಗುವಿಗೆ ನಾಮಕರಣ ಬಂತು. ನಮ್ಮ ಉಡುಪಿ ಬಳಗಕ್ಕೆಲ್ಲ ಇರುವುದು ಊರಿಂದ ತಂದ ಒಂದೇ ಮರದ ತೊಟ್ಟಿಲು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದೇ ಹೋಗಬೇಕು. ಆಗ ಅದು ದುಬೈಯ ಹಳೆಯ ಪೇಟೆಯಾದ ನೈಫ್‌ನಲ್ಲಿ, ಗುಲಾಬಿ ಅಕ್ಕನ ಮನೆಯಲ್ಲಿತ್ತು. ವಾರಿಜಳ ಮನೆ ಎರಡೇ ಗಲ್ಲಿ ಆಚೆ. ಮುಹೂರ್ತ ಹತ್ತೂವರೆಗೆ. ಅಷ್ಟರೊಳಗೆ ತೊಟ್ಟಿಲು ತಲುಪಿಸುವ ಹೊಣೆ ನನ್ನದು.

"ಸ್ವಲ್ಪ ನಿಲ್ಲಿ ಮಾರಾಯ್ರೆ, ಅದರ..." ಎಂದು ಗುಲಾಬಿ ಅಕ್ಕ ಬಾಯಿ ತೆರೆದರು.

"ನೀವು ಸುಮ್ನಿರಿ ಅಕ್ಕ. ಇಂಥ ಗಲ್ಲಿ ಯುರೋಪಿನಲ್ಲಿ ಎಷ್ಟು ನೋಡ್ಲಿಲ್ಲ ನಾನು?"

ತೊಟ್ಟಿಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತು, ದೊಡ್ಡ ರಸ್ತೆಯನ್ನು ತಿರಸ್ಕರಿಸಿ, ಅತ್ಯಂತ ಇಕ್ಕಟ್ಟಿನ ಗಲ್ಲಿಗೆ ಗಂಭೀರವಾಗಿ ಪ್ರವೇಶಿಸಿದೆ. ಅರ್ಧ ದಾರಿಯಲ್ಲಿ ಕಟಕ್! ಒಂದು ಕಡೆ ಗೋಡೆ, ಇನ್ನೊಂದು ಕಡೆ ಏಸಿ ಪೆಟ್ಟಿಗೆ, ನಡುವೆ ತೊಟ್ಟಿಲು, ಅದರೊಳಗೆ ನನ್ನ ತಲೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೆಂಪು ದೀಪ!

ಎದುರಿಗೆ ಬಟ್ಟೆ ಗಂಟುಗಳ ಕೈಗಾಡಿಯ ಪಠಾಣ. "ಯಲ್ಲಾ, ಯಲ್ಲಾ!" ಎಂದು ಬೇಗ ಹೊರಡಲು ಅವಸರಿಸಿದ.

"ಮಾಫಿ ಯಲ್ಲಾ!" ಎಂದು, ಹೊರಡುವ ಮಾತೇ ಇಲ್ಲವೆಂದು ನನ್ನ ಹರಕು ಅರಬಿಯಲ್ಲಿ ತೊಟ್ಟಿಲೊಳಗಿಂದಲೇ ಕೂಗಿದೆ.

ಆ ಗಲ್ಲಿಯ ಜನರನ್ನು ಮೆಚ್ಚಲೇಬೇಕು. ಒಬ್ಬರೂ ಬೈಯಲಿಲ್ಲ. ಮಲಯಾಳಿ ಅಂಗಡಿಯವನು ನನ್ನಿಂದ ನಂಬರ್ ಕೇಳಿ ಸುಮತಿಗೆ ಫೋನ್ ಮಾಡಿದ. ಮೇಲಿನ ಕಿಟಕಿಯ ದರ್ಜಿ ನೀರಿನ ಬಾಟಲಿ ಇಳಿಬಿಟ್ಟ. ಕುಡಿಯಲು ಬಾಯಿ ಎಟುಕಲಿಲ್ಲ, ಅಷ್ಟೇ.

ಹತ್ತೂಕಾಲಿಗೆ ಸುಮತಿಯ ದನಿ ಕೇಳಿಸಿತು. "ರೀ, ನಾಮಕರಣ ಮಗುವಿಗೆ. ತೊಟ್ಟಿಲೊಳಗೆ ನೀವ್ಯಾಕೆ ಹೋದದ್ದು?"

ಅವಳ ಹಿಂದೆಯೇ ಬಂದ ಗುಲಾಬಿ ಅಕ್ಕ ಕೈ ತೂರಿಸಿ ನಾಲ್ಕು ಮರದ ಕೀಲು ಎಳೆದರು. ತೊಟ್ಟಿಲು ಬಿಡಿ ಹಲಗೆಗಳಾಗಿ ಕಳಚಿಕೊಂಡಿತು!

"ಇದನ್ನೇ ಹೇಳ್ಲಿಕ್ಕೆ ಹೊರಟದ್ದು ಮಾರಾಯ್ರೆ. ಅಷ್ಟರಲ್ಲಿ ನೀವು ಯುರೋಪಿಗೆ ಹೋದ್ರಿ!"

ಪಠಾಣ ಹಲಗೆಗಳನ್ನು ತನ್ನ ಗಾಡಿಯ ಮೇಲಿಟ್ಟುಕೊಂಡು, ಬಂದ ದಾರಿಯಲ್ಲೇ ಹಿಂದೆ ಸರಿದು, ವಾರಿಜಳ ಬಾಗಿಲಿಗೆ ತಲುಪಿಸಿದ. ಮುಹೂರ್ತ ತಪ್ಪಲಿಲ್ಲ. ಬರಿಗೈಯಲ್ಲಿ ಕೊನೆಗೆ ಬಂದವನು ನಾನು.

ಅಂದು ಮಗುವಿಗಿಟ್ಟ ಉದ್ದನೆಯ ಹೆಸರು ಈಗ ಯಾರಿಗೂ ನೆನಪಿಲ್ಲ, ಎಲ್ಲರೂ ಚಿನ್ನು ಎನ್ನುತ್ತಾರೆ. ನನಗಿಟ್ಟ ಹೆಸರು ಮಾತ್ರ ಬಳಗದಲ್ಲಿ ಗಟ್ಟಿಯಾಗಿ ನಿಂತಿದೆ: ತೊಟ್ಟಿಲು ಮಾವ!